ಮೊದಲ ಬಾಟಲಿಗೇ ನಿಂತ ಮಾತು

ಆರೋಗ್ಯ ನಿರೀಕ್ಷಕರಾಗಿ ಕೆಲಸಕ್ಕೆ ಸೇರುವವರಿಗೆ ತರಬೇತಿಯಲ್ಲಿ ಬಹಳಷ್ಟು ಕಲಿಸುತ್ತಾರೆ. ಸೊಳ್ಳೆ ಮರಿ ಹುಡುಕುವುದು, ಬಾವಿಯ ಆಳ ಅಳೆದು ಬ್ಲೀಚಿಂಗ್ ಪುಡಿ ಎಷ್ಟು ಬೇಕೆಂದು ಲೆಕ್ಕ ಹಾಕುವುದು, ಲಸಿಕೆಯ ಪೆಟ್ಟಿಗೆಯನ್ನು ತಂಪಾಗಿಡುವುದು. ಲ್ಯಾಬಿನಲ್ಲಿ ಕೂತವರ ಜೊತೆ ಮಾತಾಡುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ನಾನು ನಿವೃತ್ತನಾದ ಮೇಲೆ ಕಲಬುರಗಿಯಲ್ಲಿ ಹೊಸಬರ ಒಂದು ತಂಡಕ್ಕೆ ಪಾಠ ಹೇಳಲು ಕರೆದಿದ್ದರು. ಅವರಲ್ಲೊಬ್ಬ ಎದ್ದು ನಿಂತು, "ಸರ್, ಲ್ಯಾಬಿನವ್ರು ಒಂದ್ ಮಾತಿಗಿ ಹತ್ತು ಪ್ರಶ್ನಿ ಕೇಳ್ತಾರ್ರೀ. ಅವ್ರ ಕೈಯಿಂದ ತಪ್ಪಿಸ್ಕೊಳ್ಳೋದು ಹೆಂಗ?" ಎಂದ. ಎಲ್ಲರೂ ನಕ್ಕರು. ಅವನಿಗೆ ಆ ಹೊತ್ತಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಕೂರಿಸಿದೆ. ಪೂರ್ತಿ ಉತ್ತರ ಇದು.

ನನ್ನ ಬಡ್ತಿ, ವರ್ಗಾವಣೆಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೇನೂ ಉಪಯೋಗವಿಲ್ಲ. ಸೇವೆಯ ಹೆಚ್ಚಿನ ಭಾಗ ನಾನು ಕಮಲಾಪುರದ ಸುತ್ತಿನ ಹಳ್ಳಿಗಳಲ್ಲೂ ಕಲಬುರಗಿ ನಗರದಲ್ಲೂ ಕಳೆದೆ ಎಂದಷ್ಟು ತಿಳಿದರೆ ಸಾಕು.

ಕಲಬುರಗಿಯ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಮಹಾನಂದಾ ಎಂಬ ಹೆಣ್ಣುಮಗಳು ಸೂಕ್ಷ್ಮಜೀವಿಗಳ ತಜ್ಞೆಯಾಗಿದ್ದರು. ಮನೆ ಅದೇ ಊರಿನ ಬ್ರಹ್ಮಪುರ ಬಡಾವಣೆಯಲ್ಲಿ. ಲ್ಯಾಬಿಗೆ ನಡೆದೇ ಬರುತ್ತಿದ್ದರು, ಬಂದ ಮೇಲೆ ಚಹಾಕ್ಕೂ ಹೊರಗೆ ಹೋಗುತ್ತಿರಲಿಲ್ಲ. ನಮ್ಮ ಇಲಾಖೆಯಲ್ಲಿ ಅವರಿಗೆ ಇಟ್ಟಿದ್ದ ಹೆಸರು 'ಪ್ರಶ್ನಪತ್ರಿಕೆ'. ನೀರಿನ ಬಾಟಲಿ ಹಿಡಿದು ಹೊರಟರೆ ನಮ್ಮ ಜೀಪಿನ ಡ್ರೈವರ್, "ಮೇಡಂ ಕಡಿ ಹೊಂಟೀರೇನ್ರೀ? ಛಲೋತ್ನಾಗಿ ಓದ್ಕೊಂಡ್ ಹೋಗ್ರಿ, ಫೇಲ್ ಆಗೀರಿ" ಎನ್ನುತ್ತಿದ್ದ.

ನಾನು ಮೊದಲ ಸಲ ಫೇಲ್ ಆದದ್ದು ಹೀಗೆ. ಕಮಲಾಪುರದಿಂದ ಬಸ್ಸಿನಲ್ಲಿ ಬಾಟಲಿ ತಂದು, ಸೂಪರ್ ಮಾರ್ಕೆಟ್ ಎಂಬ ಬಜಾರಿನ ಗದ್ದಲದಲ್ಲಿ ಆಟೊಗಳ ನಡುವೆ ಅದನ್ನು ಎದೆಗವಚಿಕೊಂಡು ದಾಟಿ, ಅವರ ಮೇಜಿನ ಮೇಲೆ ಇಟ್ಟೆ.

"ಕುತ್ತಿಗಿ ತನಕ ತುಂಬೀರಲ್ಲ?" ಎಂದರು.

"ಹೌದ್ರೀ ಮೇಡಂ. ಒಂದು ಹನಿ ಚೆಲ್ಲಿಲ್ಲ."

"ತುಂಬಬಾರದು. ಕುಲುಕಾಡ್ಸಿ ಬೆರೆಸಾಕ ಮ್ಯಾಲ ಜಾಗ ಬೇಕು. ನಳದ ಬಾಯಿ ಸುಟ್ಟಿದ್ರೇನು?"

"ಒರೆಸೀನ್ರೀ."

"ಯಾತರಿಂದ?"

"ಕರವಸ್ತ್ರದಿಂದ್ರೀ."

"ಹಂಗಾದ್ರ ಇದು ನಿಮ್ಮ ಕರವಸ್ತ್ರದ ಪರೀಕ್ಷಾ ಆಗ್ತದ, ನೀರಿಂದಲ್ಲ. ವಾಪಸ್ ಒಯ್ರಿ."

ಅವತ್ತು ನನಗೆ ಬಂದ ಸಿಟ್ಟು ಸಣ್ಣದಲ್ಲ. ನಾನೂ ಕಟ್ಟುನಿಟ್ಟಿನ ಮನುಷ್ಯ, ವೇಳೆಗೆ ಸರಿಯಾಗಿ ಎದ್ದು ವೇಳೆಗೆ ಸರಿಯಾಗಿ ಕೆಲಸ ಮುಗಿಸುವವನು. ಆದರೆ ಬಸ್ಸಿನಲ್ಲಿ ಹಿಂದಕ್ಕೆ ಹೋಗುವಾಗ ಯೋಚಿಸಿದೆ. ಆಕೆ ನನ್ನನ್ನು ಕೀಳು ಮಾಡಿರಲಿಲ್ಲ. ಬಾಟಲಿಯ ಬಗ್ಗೆ ಕೇಳಿದ್ದರು, ನಾನು ಅದನ್ನು ನನ್ನ ಬಗ್ಗೆ ಎಂದುಕೊಂಡಿದ್ದೆ. ಮರುದಿನ ಅಂಟಿದ ಜೀವಾಣು ಸಾಯುವಂತೆ ನಳದ ಬಾಯಿಗೆ ಬೆಂಕಿ ತೋರಿಸಿ, ಬಾಟಲಿಯಲ್ಲಿ ಜಾಗ ಬಿಟ್ಟು, ಮಂಜುಗಡ್ಡೆಯ ಡಬ್ಬಿಯಲ್ಲಿ ಒಯ್ದೆ. ಮೇಜಿನ ಮೇಲಿಡುವ ಮೊದಲೇ ಎಲ್ಲಿಯ ನೀರು, ಯಾವಾಗ ತುಂಬಿದ್ದು, ಹೇಗೆ ತುಂಬಿದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ತೆಗೆದುಕೊಂಡರು.

ಇಂಥವರ ಹತ್ತಿರ 'ಎಲ್ಲಾ ಬರೋಬ್ಬರಿ ಅದ' ಎನ್ನಬೇಡಿ. ಆ ಮಾತು ಕೇಳಿದ ಕೂಡಲೇ ಅವರಿಗೆ ಅನುಮಾನ ಶುರುವಾಗುತ್ತದೆ, ಅದು ನ್ಯಾಯವೂ ಹೌದು. 'ಅರ್ಜೆಂಟ್' ಎಂದಷ್ಟೇ ಹೇಳಬೇಡಿ, ಯಾಕೆ ಅರ್ಜೆಂಟ್ ಎಂದು ಹೇಳಿ. ಇನ್ನೊಂದು ವಿಷಯ ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಅವರು 'ಈಗ ಹೇಳಾಕ ಬರಂಗಿಲ್ಲ' ಎಂದರೆ ಬಾಗಿಲು ಮುಚ್ಚಿದರು ಎಂದು ತಿಳಿಯಬಾರದು. 'ಹಂಗಾದ್ರ ಈಗ ಏನು ಹೇಳಾಕ ಬರ್ತದ?' ಎಂದು ಕೇಳಬೇಕು.

ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜ್‌ನಲ್ಲಿ ಹಮಾಲರಿಗೆ ಕಾಮಾಲೆ ಹಬ್ಬಿದಾಗ ಈ ಪ್ರಶ್ನೆ ಕೆಲಸಕ್ಕೆ ಬಂತು. ತೊಗರಿಯ ಚೀಲ ಹೊರುವವರೆಲ್ಲ ಒಂದೇ ಅಂಗಡಿಯ ಮುಂದಿನ ಹಂಡೆಯಿಂದ ನೀರು ಕುಡಿಯುತ್ತಿದ್ದರು. ಮೇಡಂ ಎಂದಿನಂತೆ, ಪರೀಕ್ಷೆ ಮುಗಿಯದೆ ಏನೂ ಹೇಳಲಾಗದು ಎಂದರು.

"ರಿಪೋರ್ಟ್ ಬ್ಯಾಡ್ರೀ ಮೇಡಂ. ಅದು ನಿಮ್ಮ ಮನಿ ಹಂಡೆ ಆಗಿದ್ರ ಈಗ ಏನ್ ಮಾಡ್ತಿದ್ರಿ?"

"ಈಗಿಂದೀಗ ಚೆಲ್ಲಸ್ತಿದ್ದೆ" ಎಂದರು. "ಆದ್ರ ಇದನ್ನ ರಿಪೋರ್ಟ್ ಅನ್ಬ್ಯಾಡ್ರಿ."

ಅಂದೇ ಹಂಡೆ ಚೆಲ್ಲಿಸಿದೆ. ಅಂಗಡಿಯವರು ಕೂಗಾಡಿದರು. ಅಷ್ಟರಲ್ಲೇ ಆ ನೀರು ಕುಡಿದಿದ್ದ ಒಬ್ಬ ಹಮಾಲ ಉಳಿಯಲಿಲ್ಲ. ಅವನ ಹೆಂಡತಿ ಅದೇ ಗಂಜ್‌ನಲ್ಲಿ ಕಾಳು ಹಸನು ಮಾಡುತ್ತಿದ್ದಳು. ಹೆಣ ಒಯ್ಯುವ ದಿನವೂ ಪಕ್ಕದ ಅಂಗಡಿಯಲ್ಲಿ ಲಾರಿ ತುಂಬುವುದು ನಿಂತಿರಲಿಲ್ಲ.

ಈಗ ಕಮಲಾಪುರದ ಹತ್ತಿರದ ಆ ಹಳ್ಳಿಯ ವಿಷಯ. ಹಳ್ಳಿಯ ಹೆಸರನ್ನೂ ಅಲ್ಲಿದ್ದ ವೈದ್ಯಾಧಿಕಾರಿಯ ಹೆಸರನ್ನೂ ಬರೆಯುವುದಿಲ್ಲ. ಆ ಡಾಕ್ಟರ್ ಕೆಟ್ಟವರಾಗಿರಲಿಲ್ಲ.

ಆ ಹಳ್ಳಿಯಲ್ಲಿ ಕಸ್ತೂರಿ ಎಂಬಾಕೆ ಆಶಾ ಕಾರ್ಯಕರ್ತೆ. ಹೆರಿಗೆಗೆ ಆಸ್ಪತ್ರೆಗೆ ಹೋಗಲೊಲ್ಲದ ಓಣಿ ಅದು. ಮನೆಮನೆ ತಿರುಗಿ, ಬೈಗುಳ ತಿಂದು, ಹೆಂಗಸರ ಜೊತೆ ತಾನೇ ಆಂಬ್ಯುಲೆನ್ಸಿನಲ್ಲಿ ಕೂತು ಹೋಗಿ, ಕಸ್ತೂರಿ ಆ ಓಣಿಯ ನಂಬಿಕೆ ಗಳಿಸಿದ್ದಳು. ಮಾತ್ರೆ ನುಂಗಬೇಕಾದರೂ ಮುದುಕಿಯರು, "ಕಸ್ತೂರಿ ಬರ್ಲಿ ತಡಿ, ಆಕಿ ಹೇಳ್ಲಿ" ಎನ್ನುತ್ತಿದ್ದರು. ಆಕೆಗೆ ಇದ್ದ ಆಸ್ತಿ ಇದೊಂದೇ.

ಮಳೆಗಾಲದ ಆರಂಭದಲ್ಲಿ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಕುಡಿಯುವ ನೀರು ಒಂದು ಹಳೆಯ ಬಾವಿಯಿಂದ ಪಂಪಿನ ಮೂಲಕ ಬರುತ್ತಿತ್ತು. ಬಾವಿಯ ಕಟ್ಟೆ ಸೀಳಿತ್ತು, ಪಕ್ಕದಲ್ಲೇ ಚರಂಡಿ. ನಾನು ತಲುಪುವ ಹೊತ್ತಿಗೆ ಕಟ್ಟೆಯ ಸುತ್ತ ಬ್ಲೀಚಿಂಗ್ ಪುಡಿ ಬೆಳ್ಳಗೆ ಬಿದ್ದಿತ್ತು.

"ಭೀಮಶಾ, ಯಾವಾಗ ಹಾಕಿದಿ?" ಎಂದು ನೀರು ಬಿಡುವವನನ್ನು ಕೇಳಿದೆ.

"ನಸುಕಿನ್ಯಾಗ್ರೀ ಸರ. ಪಂಚಾಯ್ತಿಯಿಂದ ಫೋನ್ ಬಂದಿತ್ರೀ, ಸಾಹೇಬ್ರು ಬರೂದ್ರಾಗ ಹಾಕಿರ್ಬೇಕಂತ. ಕಟ್ಟಿ ಮ್ಯಾಲೂ ಒಂದಿಷ್ಟು ಚೆಲ್ಲು, ಕಣ್ಣಿಗಿ ಕಾಣ್ಲಿ ಅಂದ್ರು."

ನಮ್ಮ ಇಲಾಖೆಯ ಹಳೆಯ ರೋಗ ಇದು, ಹೊಸಬರು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕೇಸ್ ಬಂತೆಂದರೆ ಮೊದಲು ಬ್ಲೀಚಿಂಗ್, ಆಮೇಲೆ ಪರೀಕ್ಷೆ. ಮೇಲಿನವರು ಬಂದಾಗ ಬಿಳಿ ಪುಡಿ ಕಾಣಬೇಕು, ಏನೋ ಮಾಡಿದ್ದಾರೆ ಎನ್ನಿಸಬೇಕು. ಪುಡಿ ಬಿದ್ದ ಮೇಲೆ ನೀರಿನಲ್ಲಿದ್ದ ಜೀವಾಣು ಸಾಯುತ್ತವೆ, ಆಮೇಲೆ ತುಂಬಿದ ಬಾಟಲಿಯಲ್ಲಿ ಏನೂ ಸಿಗುವುದಿಲ್ಲ. ಪುಡಿಯ ಕಸುವು ಇಳಿದ ಮೇಲೆ ಚರಂಡಿ ಮತ್ತೆ ತನ್ನ ಕೆಲಸ ಮಾಡುತ್ತದೆ.

ಮಹಾನಂದಾ ಮೇಡಂಗೆ ಫೋನ್ ಮಾಡಿ, ಪುಡಿ ಬಿದ್ದಾಗಿದೆ ಎಂದು ಮೊದಲ ಮಾತಿಗೇ ಹೇಳಿದೆ.

"ಬಾವಿ ನೀರು ತರ್ರಿ, ಆದ್ರ ಅದನ್ನ ನಂಬಾಕ ಬರಂಗಿಲ್ಲ. ನಿನ್ನಿ ರಾತ್ರಿ ತುಂಬಿಟ್ಟ ಕೊಡ ಯಾರ ಮನ್ಯಾಗರ ಅವೇನು?"

"ಇರ್ತಾವ್ರೀ."

"ದೂರ ದೂರದ ಮೂರು ಮನಿಯಿಂದ ತರ್ರಿ. ಒಂದೇ ಮನಿದಾದ್ರ ಕೈಯಿಂದ ಕೆಟ್ಟದೋ ಬಾವಿಯಿಂದ ಕೆಟ್ಟದೋ ತಿಳಿಯಂಗಿಲ್ಲ. ಬೋರ್‌ವೆಲ್ ನೀರು ಕುಡಿಯೋ ಮನಿದೂ ಒಂದು ಬೇಕು, ಹೋಲಿಸಾಕ."

ಹೀಗೆ ಐದು ಬಾಟಲಿ. ಮೊದಲನೆಯದು ಬಾವಿಯದು, ನಂತರದ ಮೂರು ಮನೆಗಳ ಕೊಡದವು, ಐದನೆಯದು ಬೋರ್‌ವೆಲ್ಲಿನದು. ಒಂದು ಕೊಡ ಕಸ್ತೂರಿಯ ಮನೆಯದೇ. ಡಾಕ್ಟರ್ ಪಂಪ್ ನಿಲ್ಲಿಸಿ ಟ್ಯಾಂಕರ್ ತರಿಸಿದರು. ಇದೆಲ್ಲ ಸರಿಯಾಗಿಯೇ ನಡೆಯಿತು. ಆ ದಿನವನ್ನು ನೆನೆದರೆ ಈಗಲೂ ಒಂದು ತಪ್ಪೂ ಸಿಗುವುದಿಲ್ಲ.

ಕಸ್ತೂರಿಯ ಅತ್ತೆ ನಾಗಮ್ಮನಿಗೆ ಟ್ಯಾಂಕರ್ ನೀರು ಬೇಡ. "ಕಬ್ಬಿಣದ ನಾತ ಬರ್ತದ, ನಾ ಕುಡಿಯಂಗಿಲ್ಲ" ಎಂದು ಹಟ. ಕಸ್ತೂರಿ ಅದನ್ನು ಕುದಿಸಿ ಆರಿಸಿ, ಬೈಯುತ್ತ ಬೈಯುತ್ತಲೇ ಕುಡಿಸುತ್ತಿದ್ದಳು. "ನಾಕ ಮಂದಿ ಸೊಸ್ತೇರು ಇದ್ರ ಗೊತ್ತಾಗ್ತಿತ್ತು ನಿಮಗ, ನಾ ಒಬ್ಬಾಕಿ ಅದೀನಂತ ಹೀಂಗ ಆಡ್ತೀರಿ" ಎನ್ನುವಳು. ಮುದುಕಿ, "ಒಬ್ಬಾಕಿ ಇದ್ದೇ ಇಷ್ಟು ಬಾಯಿ ಮಾಡ್ತಿ" ಎಂದು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ನಾನು ಕಲಬುರಗಿಯ ಆಸ್ಪತ್ರೆಯಲ್ಲಿದ್ದೆ. ಹಳ್ಳಿಯಿಂದ ಕಳುಹಿಸಿದ್ದ ರೋಗಿಗಳಿಗೆ ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿಸಿದ್ದರು. ಅಲ್ಲಿಯ ಕೆಲಸ ಮುಗಿಸಿ ಲ್ಯಾಬಿಗೆ ಹೋದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಮೇಡಂ ವರದಿಗೆ ಸಹಿ ಹಾಕುತ್ತಿದ್ದರು.

"ಏನ್ ಬಂತ್ರೀ?"

"ಮೂರೂ ಕೊಡದಾಗ ಕೆಟ್ಟದ. ಬೋರ್‌ವೆಲ್ಲಿಂದು ಸ್ವಚ್ಛ. ಅಂದ್ರ ಬಾವಿನೇ. ಡಾಕ್ಟರ್‌ಗೆ ಮುಂಜಾನೆನೇ ಫೋನ್ ಮಾಡಿ ಹೇಳೀನಿ."

"ಏನಂದ್ರು?"

"ಥ್ಯಾಂಕ್ಸ್ ಅಂದ್ರು."

ಕೆಟ್ಟ ಸುದ್ದಿ ಕೇಳಿದ ಮನುಷ್ಯ ಬರೀ ಥ್ಯಾಂಕ್ಸ್ ಅನ್ನುವುದಿಲ್ಲ. "ಮೇಡಂ, ಹೆಂಗ ಹೇಳಿದ್ರಿ? ಮೊದಲಿಂದ ಹೇಳ್ರಿ" ಎಂದೆ.

"ನಂಬರಿನ ಪ್ರಕಾರ. ಮೊದಲನೇ ಬಾಟಲಿ, ಬಾವಿ ನೀರು, ಕ್ಲೋರಿನ್ ಅದ, ಜೀವಾಣು ಬೆಳೆದಿಲ್ಲ..."

"ಅಲ್ಲೇ ಫೋನ್ ಇಟ್ರೇನು?"

ಅವರ ಕೈಯಲ್ಲಿದ್ದ ಪೆನ್ನು ನಿಂತಿತು. "ಮುಂದ ಹೇಳಾಕ ಹೋದೆ. 'ಸಾಕ್ರೀ ಮೇಡಂ, ತಿಳೀತು' ಅಂದ್ರು. ಮತ್ತ ಹಚ್ಚಿದೆ, ಎಂಗೇಜ್ ಬಂತು. ರಿಪೋರ್ಟ್‌ನ್ಯಾಗ ಎಲ್ಲಾ ಬರೆದೀನಿ, ಹೊತ್ತು ಮುಳುಗೂದ್ರಾಗ ಮುಟ್ಟತದ."

ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಸ್ತೂರಿಗೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಕಸ್ತೂರಿ, ಪಂಪ್ ಬಂದ್ ಅದ ಹೌದಲ್ಲ?"

"ಇಲ್ರೀ ಸರ. ನೀರು ಛಲೋ ಅದ ಅಂತ ಡಾಕ್ಟರ್ ಸಾಹೇಬ್ರು ಮುಂಜಾನಿ ಹೇಳಿದ್ರು. ಟ್ಯಾಂಕರ್ ಬ್ಯಾರೆ ಊರಿಗಿ ಕಳಿಸ್ಯಾರ. ಭೀಮಶಾ ನೀರು ಬಿಟ್ಟಾನ."

"ಮಂದಿ ಕುಡಿದಾರೇನು?"

"ಎಲ್ಲಾರೂ ಕುಡ್ಯಾಕತ್ಯಾರ್ರೀ. ಮೊದಲ ಅಂಜ್ಲಾಕತ್ತಿದ್ರು. ನಾನೇ ಮನಿ ಮನಿಗಿ ಹೋಗಿ ಹೇಳೀನಿ, ಕುಡೀರಿ ಏನೂ ಆಗಂಗಿಲ್ಲಂತ. ನಮ್ಮತ್ತಿಗಿ ಎಲ್ಲಾರ ಮುಂದ ನಾನೇ ತಂಬಿಗಿ ತುಂಬಿ ಕೊಟ್ಟೆ, ನೋಡ್ಲಿ ಅಂತ." ಆಮೇಲೆ ಆಕೆಯ ಧ್ವನಿ ಬದಲಾಯಿತು. "ಯಾಕ್ರೀ ಸರ?"

ಪಕ್ಕದಲ್ಲಿ ನಿಂತಿದ್ದ ಮಹಾನಂದಾ ಮೇಡಂಗೆ ಫೋನಿನ ಮಾತು ಕೇಳಿಸುತ್ತಿತ್ತು.

"ನಳ ಬಂದ್ ಮಾಡ್ಸು. ಈಗಿಂದೀಗ. ಕುಡಿದವ್ರ ಮ್ಯಾಲ ಕಣ್ಣಿಡು" ಎಂದೆ. ಇಂಥ ಮಾತನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಮೆತ್ತಗೆ ಹೇಳುವುದೂ ಸರಿಯಲ್ಲ.

ಹಿಂದಿನ ರಾತ್ರಿ ಮಳೆ ಸುರಿದು ಚರಂಡಿ ಬಾವಿಗೆ ಇಳಿದಿತ್ತು. ಪುಡಿಯ ಕಸುವು ಅಷ್ಟರಲ್ಲಾಗಲೇ ಮುಗಿದಿತ್ತು. ನೀರು ಒಳ್ಳೆಯದು ಎಂಬ ಮಾತು ಬಂದದ್ದರಿಂದ ಭೀಮಶಾ ಮತ್ತೆ ಪುಡಿ ಹಾಕಿರಲಿಲ್ಲ. ಮರುದಿನಕ್ಕೆ ಓಣಿಯಲ್ಲಿ ಹೊಸ ರೋಗಿಗಳು ಬಿದ್ದರು. ಹೆಚ್ಚಿನವರು ಉಳಿದರು. ನಾಗಮ್ಮ ಕಲಬುರಗಿಗೆ ಬರುವ ದಾರಿಯಲ್ಲೇ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಹೋದಳು.

ವಿಚಾರಣೆ ನಡೆಯಿತು. ಡಾಕ್ಟರ್ ಹೇಳಿದ್ದು: "ಮ್ಯಾಲಿನವ್ರು ಗಳಿಗಿಗೊಮ್ಮಿ ಫೋನ್ ಮಾಡಿ, ನೀರು ಹೆಂಗದ ಹೇಳ್ರಿ ಅಂತ ಜೀವಾ ತಿನ್ನಾಕತ್ತಿದ್ರು. ವಾರ್ಡ್ ತುಂಬ ಮಂದಿ. ನಾ ಕೇಳಿದ್ದು ಒಂದೇ ಮಾತು, ಛಲೋ ಅದನೋ ಇಲ್ಲೋ. ಮೇಡಂ ಕಥಿ ಶುರು ಮಾಡಿದ್ರು."

ಮಹಾನಂದಾ ಮೇಡಂ ಹೇಳಿದ್ದು: "ನಾನು ಉತ್ತರ ಕೊಡಾಕತ್ತಿದ್ದೆ. ಮುಗಿಸಾಕ ಬಿಡ್ಲಿಲ್ಲ."

ಇಬ್ಬರೂ ಸುಳ್ಳು ಹೇಳಲಿಲ್ಲ. ಕೂಲಂಕಷವಾಗಿ ಯೋಚಿಸುವವರು ತಾವು ನಡೆದು ಬಂದ ದಾರಿಯನ್ನೆಲ್ಲ ಹೇಳಿ ಕೊನೆಗೆ ಊರು ತಲುಪುತ್ತಾರೆ. ಅವಸರದಲ್ಲಿರುವವರು ಮೊದಲ ತಿರುವಿನಲ್ಲೇ ಇಳಿದುಬಿಡುತ್ತಾರೆ. ನೀವು ಮೇಲಿನ ಕುರ್ಚಿಯಲ್ಲಿದ್ದರೆ 'ಮೊದಲು ನಾನು ಏನು ಮಾಡಬೇಕು ಹೇಳ್ರಿ, ಆಮೇಲೆ ಉಳಿದದ್ದು' ಎಂದು ಕೇಳಿ, ಆಮೇಲೆ ಉಳಿದದ್ದನ್ನೂ ಕೇಳಿ. ನೀವು ಲ್ಯಾಬಿನಲ್ಲಿದ್ದರೆ 'ಪಂಪ್ ನಿಲ್ಲಿಸ್ರಿ' ಎಂಬುದು ಮೊದಲ ಮಾತಾಗಬೇಕು. ನಂಬರು, ಬಾಟಲಿ, ಕ್ಲೋರಿನ್ ಎಲ್ಲ ಅದರ ಹಿಂದೆ ಬರಲಿ. ಹೇಳಿದ ಮೇಲೆ, ಎದುರಿನವರು ಏನು ಕೇಳಿಸಿಕೊಂಡರು ಎಂದು ಅವರ ಬಾಯಿಂದಲೇ ಹೇಳಿಸಿ. ಇದನ್ನು ಬರೆಯಲು ನಾಲ್ಕು ಸಾಲು ಹಿಡಿಯಿತು. ವಿಚಾರಣೆಯ ವರದಿಯಲ್ಲಿ ಆ ನಾಲ್ಕು ಸಾಲು ಇರಲಿಲ್ಲ. ಪುಡಿ ಹಾಕುವುದನ್ನು ನಿಲ್ಲಿಸಿದ್ದಕ್ಕೆ ಭೀಮಶಾನನ್ನು ಕೆಲಸದಿಂದ ತೆಗೆದರು, ಕಡತ ಮುಚ್ಚಿತು.

ಕೆಲವು ದಿನಗಳ ನಂತರ ಮಹಾನಂದಾ ಮೇಡಂ ತಾವಾಗಿ ಫೋನ್ ಮಾಡಿದರು. "ಶಿವಶರಣಪ್ಪ ಅವ್ರೇ, ಆ ಬಾವಿ ನೋಡ್ಬೇಕಾಗ್ಯಾದ." ಸೇವೆಯಲ್ಲಿ ಅವರು ಹಳ್ಳಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಕರೆದುಕೊಂಡು ಹೋದೆ. ಬಾವಿಯ ಸೀಳನ್ನೂ ಚರಂಡಿಯನ್ನೂ ಬಹಳ ಹೊತ್ತು ನೋಡಿದರು. ಏನೂ ಕೇಳಲಿಲ್ಲ. ಆಮೇಲೆ, "ಆ ಹೆಣ್ಮಗಳ ಮನಿ ಎಲ್ಲದ?" ಎಂದರು.

ಕಸ್ತೂರಿ ನಮ್ಮನ್ನು ಕಂಡು ಚಾಪೆ ಹಾಸಿದಳು. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ರೂಢಿ. ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದವಳು ಹೊಸ್ತಿಲಲ್ಲಿ ನಿಂತಳು, ನಮ್ಮ ಮುಖ ನೋಡಿದಳು, ತಂಬಿಗೆಯನ್ನು ಹಾಗೇ ಒಳಗಿಟ್ಟು ಬಂದು ಕೂತಳು.

"ಮೇಡಂ, ನಿಮಗ ಗೊತ್ತಿತ್ತಂತಲ್ರೀ" ಎಂದಳು.

ಮಹಾನಂದಾ ಮೇಡಂ ಹೇಳತೊಡಗಿದರು. ಬೇರೆ ಕ್ರಮ ಅವರಿಗೆ ಗೊತ್ತಿರಲಿಲ್ಲ, ಮತ್ತೆ ಮೊದಲನೇ ಬಾಟಲಿಯಿಂದಲೇ. ನಾನು ತಡೆಯಲು ಹೋದೆ. ಕಸ್ತೂರಿ ಕೈ ಅಡ್ಡ ಹಿಡಿದಳು. "ಹೇಳ್ಲಿ ಬಿಡ್ರೀ ಸರ. ನಾ ಕೇಳ್ತೀನಿ." ಐದನೇ ಬಾಟಲಿಯ ತನಕ ಆಕೆ ಅಲುಗದೆ ಕೇಳಿದಳು. ಆ ವರದಿಯನ್ನು ಪೂರ್ತಿ ಕೇಳಿದ್ದು ಜಿಲ್ಲೆಯಲ್ಲಿ ಆಕೆಯೊಬ್ಬಳೇ ಇರಬೇಕು.

ಮುಗಿದ ಮೇಲೆ ಕೇಳಿದಳು: "ಕೊಡದ ಮಾತು ಮೊದಲ ಹೇಳಿದ್ರ ನಮ್ಮತ್ತಿ ಇರ್ತಿದ್ರೇನ್ರೀ?"

ಷರತ್ತಿಲ್ಲದೆ ಉತ್ತರ ಕೊಟ್ಟವರಲ್ಲ ಮೇಡಂ. ಮುದುಕಿಯ ವಯಸ್ಸು, ಎಷ್ಟು ಕುಡಿದಿದ್ದಳು, ಆಂಬ್ಯುಲೆನ್ಸ್ ಎಷ್ಟು ತಡವಾಯಿತು, ಎಲ್ಲವೂ ಅವರ ತುಟಿಯ ತನಕ ಬಂದದ್ದು ನನಗೆ ಕಾಣಿಸಿತು.

"ಇರ್ತಿದ್ರು" ಎಂದರು.

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರ ಹೊರಗ ಬಂದು ಓಣಿಯವ್ರಿಗಿ ಇಷ್ಟೇ ಹೇಳ್ರಿ. ಅತ್ತಿಗಿ ನಾನೇ ವಿಷ ಹಾಕಿದೆ ಅಂತಾರ್ರೀ. ಬಾಣಂತಿ ಮನ್ಯಾಗ ಕಾಲಿಡಾಕ ಬಿಡವಲ್ರು."

ಮೇಡಂ ಎದ್ದು ಹೊರಗೆ ಬಂದರು. ಟ್ಯಾಂಕರ್ ಸುತ್ತ ಕೊಡ ಹಿಡಿದು ನಿಂತಿದ್ದ ಹೆಂಗಸರ ಮುಂದೆ ಹೋಗಿ ನಿಂತು, ಗಟ್ಟಿಯಾಗಿ ಹೇಳಿದರು: "ನೀರು ಕೆಟ್ಟಿತ್ತು. ನನಗ ಗೊತ್ತಿತ್ತು. ಕಸ್ತೂರಿಗಿ ಯಾರೂ ಹೇಳಿರ್ಲಿಲ್ಲ."

ಟ್ಯಾಂಕರಿನ ನೀರು ಕೊಡಕ್ಕೆ ಬೀಳುತ್ತಲೇ ಇತ್ತು. ಒಬ್ಬಾಕೆ ಕೊಡ ತುಂಬಿಸಿಕೊಂಡು ಸೊಂಟಕ್ಕೇರಿಸಿ, ಬಾಗಿಲಲ್ಲಿ ನಿಂತಿದ್ದ ಕಸ್ತೂರಿಯ ಮುಂದೆಯೇ ಹಾದು, ಮುಖ ಆಚೆಗೆ ತಿರುಗಿಸಿಕೊಂಡು ಹೋದಳು. ಆಕೆಯ ಹಿಂದೆ ಉಳಿದವರೂ ಹಾಗೆಯೇ ಹೋದರು.